ಬರಲಿರುವ ಗಾಡಿಯ ಅಗಲ

ನಮ್ಮ ಭಾಷೆಯಲ್ಲಿ ‘ಬರುತ್ತೆ’ ಎನ್ನುವಷ್ಟು ಮೋಸದ ಪದ ಇನ್ನೊಂದಿಲ್ಲ. ಬೆಳಿಗ್ಗೆ ಹಾಲು ಬರುತ್ತೆ, ನಲ್ಲಿಯಲ್ಲಿ ನೀರು ಬರುತ್ತೆ, ಪೇಪರ್ ಬರುತ್ತೆ. ಇವು ದಿನಾ ಬರುವಂಥವು. ಮಗನಿಗೆ ಬುದ್ಧಿ ಬರುತ್ತೆ, ನಮಗೂ ಒಂದು ಕಾಲ ಬರುತ್ತೆ ಎನ್ನುವಾಗಲೂ ಅದೇ ಪದ. ದಿನಾ ಬರುವುದಕ್ಕೂ ಎಂದೋ ಒಂದು ದಿನ ಬರಬಹುದಾದದ್ದಕ್ಕೂ ನಾವು ಒಂದೇ ಅಳತೆಯ ಅಂಗಿ ಹೊಲಿಸಿಟ್ಟಿದ್ದೇವೆ. ನಾನು ಟೈಲರ್, ಅಳತೆಯ ತಪ್ಪು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ಆದರೆ ಈ ತಪ್ಪು ಬೀಳುವಷ್ಟರಲ್ಲಿ ಎದುರು ಮನೆಯ ಕಲ್ಲುಬೆಂಚು ಕಿತ್ತುಹೋಗಿತ್ತು.

ಎದುರು ಮನೆಯವನು ನನ್ನ ಸ್ನೇಹಿತ. ದೊಡ್ಡ ರಸ್ತೆಯಲ್ಲಿ ಅವನದೊಂದು ಕನ್ನಡಕದ ಅಂಗಡಿ ಇದೆ, ಹಾಗಾಗಿ ಎಲ್ಲರೂ ಅವನನ್ನು ಲೆನ್ಸಪ್ಪ ಎನ್ನುತ್ತಾರೆ. ಬಂದವರ ಮೂಗಿನ ಮೇಲೆ ಒಂದು ದಪ್ಪ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತಾ, “ಇದು ಚೆನ್ನಾಗಿ ಕಾಣುತ್ತಾ, ಇದಾ?” ಎಂದು ಕೇಳುವುದು ಅವನ ವೃತ್ತಿ. ಮನೆಯಲ್ಲೂ ಅದೇ ಚಾಳಿ. ಅಂಗಿ ಬದಲಿಸಿದರೂ “ಇದಾ, ಇದಾ?” ಎನ್ನುತ್ತಾನೆ. ಅವನ ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾರೆ. ಡಾಕ್ಟರುಗಳ ಬರವಣಿಗೆಯನ್ನೇ ಓದಬಲ್ಲ ಆಕೆಗೆ ಗಂಡನ ಮನಸ್ಸು ಓದುವುದು ಕಷ್ಟವೇ ಅಲ್ಲ. ತಲೆ ಎತ್ತದೆ “ಎರಡೂ ಒಂದೇ ರೀ” ಎಂದುಬಿಡುತ್ತಾರೆ.

ಆ ಮನೆಯ ಮೂರನೆಯ ಜೀವ ದೊಡ್ಡಮ್ಮ. ಲೆನ್ಸಪ್ಪನ ತಾಯಿಯ ಅಕ್ಕ, ಅವನನ್ನು ಎತ್ತಿ ಆಡಿಸಿ ಸಾಕಿದವರು. ಮಂಡಿ ಕೈಕೊಟ್ಟ ಮೇಲೆ ಅವರ ಓಡಾಟ ಗೇಟಿನವರೆಗೆ ಬಂದು ನಿಂತಿತ್ತು. ಅಲ್ಲಿ, ಗೇಟಿನ ಹೊರಗೆ, ಗೇಟಿನ ಕಂಬಕ್ಕೂ ಪಕ್ಕದ ಮನೆಯ ಗೋಡೆಗೂ ನಡುವೆ, ರಸ್ತೆಗೆ ಮುಖ ಮಾಡಿ ಒಂದು ಕಲ್ಲುಬೆಂಚು. ಆ ಜಾಗದಲ್ಲಿ ರಸ್ತೆ ಎಷ್ಟು ಕಿರಿದೆಂದರೆ ಎದುರುಬದುರು ಕಾರು ಬಂದರೆ ಎರಡೂ ಮೈ ಹಿಡಿ ಮಾಡಿಕೊಂಡು ಹೋಗಬೇಕು. ಸಂಜೆಯಾದರೆ ದೊಡ್ಡಮ್ಮ ಒಂದು ದಿಂಬು ಹಾಕಿಕೊಂಡು ಅಲ್ಲಿ ಕೂರುತ್ತಿದ್ದರು. ಕೆಲಸದಿಂದ ಬರುವವರು, ತರಕಾರಿ ತರಲು ಹೋಗುವವರು, ಬೇಕರಿಯವರು, ಎಲ್ಲರೂ ಒಂದು ಗಳಿಗೆ ಅಲ್ಲಿ ಕುಂಡಿ ಊರಿಯೇ ಮುಂದೆ ಹೋಗುವುದು. “ಇನ್ನೊಂದು ಗುಂಡಿ ಹಾಕಿದ್ರೆ ಆಯ್ತು” ಎಂಬ ನನ್ನ ಮಾತನ್ನು ನಂಬಿದ ಗಿರಾಕಿಗಳೂ ಅಲ್ಲೇ ಕಾಯುತ್ತಿದ್ದರು. ದೊಡ್ಡಮ್ಮ ಅವರನ್ನು ಮಾತಿಗೆ ಎಳೆದರೆಂದರೆ ಬಟ್ಟೆ ಮಾರನೆಯ ದಿನ ಕೊಟ್ಟರೂ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ.

“ನನಗೆ ನಡೆಯೋಕಾಗಲ್ಲ ಅಂದ್ರೇನು? ಬೀದಿನೇ ನನ್ನ ಹತ್ರ ಬರುತ್ತಲ್ಲ” ಎನ್ನುತ್ತಿದ್ದರು ದೊಡ್ಡಮ್ಮ.

ಎಲ್ಲ ಶುರುವಾದದ್ದು ಷಡ್ಡಕರಿಂದ. ಲೆನ್ಸಪ್ಪನ ಹೆಂಡತಿಯ ಅಕ್ಕನ ಗಂಡ. ಷಡ್ಡಕರ ಸಂಬಂಧ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಥಾನಿನ ಬಟ್ಟೆಯಲ್ಲಿ ಇಬ್ಬರು ಅಂಗಿ ಹೊಲಿಸಿಕೊಂಡರೆ ಇನ್ನೊಬ್ಬನ ಕಾಲರ್ ಮೇಲೆ ಜೀವಮಾನವಿಡೀ ಕಣ್ಣು. ಅವರು ಹೊಸ ಕಾರು ಕೊಂಡವರೇ ಅದನ್ನು ತೋರಿಸಲು ನೇರ ಇಲ್ಲಿಗೆ ಬಂದರು. ಬೀದಿಯ ತುದಿಯಿಂದಲೇ ಹಾರ್ನ್ ಶುರು. ಇಳಿದು, ಲೆನ್ಸಪ್ಪನ ಪುಟ್ಟ ಹಳೇ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅದರ ಟೈರನ್ನು ಬೂಟಿನ ತುದಿಯಿಂದ ಮೆಲ್ಲಗೆ ಒದ್ದರು.

“ಇದು ಇನ್ನೂ ಓಡುತ್ತಾ?”

“ಓಡುತ್ತೆ ಭಾವ.”

“ಓಡಲಿ, ಓಡಲಿ. ನಿನ್ನ ರೇಂಜಿಗೆ ಇದು ಸಾಕು ಬಿಡು.”

ಬೆಂಚಿನ ಮೇಲೆ ದೊಡ್ಡಮ್ಮ, ಬೇಕರಿಯವರು, ನನ್ನ ಇಬ್ಬರು ಗಿರಾಕಿಗಳು. ಕಿಟಕಿಯಲ್ಲಿ ನಾನು. ಇಷ್ಟು ಜನರ ಮುಂದೆ ರೇಂಜಿನ ಮಾತು ಬಂದರೆ ಯಾವ ಗಂಡಸು ಸುಮ್ಮನಿರುತ್ತಾನೆ? ಲೆನ್ಸಪ್ಪನ ಕಿವಿ ಕೆಂಪಗಾಯಿತು.

“ನಮ್ಮದೂ ಬರುತ್ತೆ ಭಾವ. ದೊಡ್ಡ ಗಾಡಿ. ರೇಂಜ್ ಎಕ್ಸ್‌ಟೆಂಡೆಡ್ ಎಸ್‌ಯುವಿ.”

“ಏನು ಎಕ್ಸ್‌ಟೆಂಡೆಡ್?”

“ರೇಂಜು!”

ಷಡ್ಡಕರು ಕಾಫಿಯನ್ನೂ ಕುಡಿಯದೆ ಹೊರಟುಹೋದರು. ಮರುದಿನ ಬ್ರೆಡ್ಡಿನ ಜೊತೆಗೆ ಸುದ್ದಿಯೂ ಮನೆಮನೆಗೆ ಹೋಯಿತು. “ಕೇಳಿದ್ರಾ, ಲೆನ್ಸಪ್ಪನ ರೇಂಜು ಎಕ್ಸ್‌ಟೆಂಡ್ ಆಗಿದೆಯಂತೆ” ಎಂದು ಬೇಕರಿಯವರು ಹೇಳಿದಾಗ, ಏನೋ ಆಸ್ತಿ ಬಂದಿರಬೇಕೆಂದು ಕೆಲವರೂ, ಲಾಟರಿಯೆಂದು ಕೆಲವರೂ ತಿಳಿದರು. ಅದುವರೆಗೆ ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದ ಮೂಲೆಮನೆಯ ಮೇಷ್ಟ್ರು ಬಹುವಚನಕ್ಕೆ ಬಂದರು.

ನಿಜ ಸಂಗತಿ ಇಷ್ಟೇ. ಒಂದು ದೊಡ್ಡ ಕಂಪನಿ ಹೊಸ ಗಾಡಿ ತಯಾರಿಸುವುದಾಗಿ ಸುದ್ದಿ ಕೊಟ್ಟಿತ್ತು. ತಯಾರಿ ಇನ್ನೂ ಶುರುವಾಗಿರಲಿಲ್ಲ. ಶುರುಮಾಡಬೇಕಾದ ಕಾರ್ಖಾನೆಗೆ ಇನ್ನೂ ಚಾವಣಿ ಬಂದಿರಲಿಲ್ಲ. ಲೆನ್ಸಪ್ಪ ಅಂಗಡಿಯಲ್ಲಿ ಬೇಸರಕ್ಕೆ ಫೋನು ಉಜ್ಜುತ್ತಾ ಕೂತಿದ್ದಾಗ ತನ್ನ ಹೆಸರು, ನಂಬರು ಕೊಟ್ಟು ‘ನನಗೆ ಆಸಕ್ತಿ ಇದೆ’ ಎಂಬ ಗುಂಡಿ ಒತ್ತಿದ್ದ. ತಕ್ಷಣ ಉತ್ತರ ಬಂದಿತ್ತು: ‘ಅಭಿನಂದನೆಗಳು! ಇಂದಿನಿಂದ ನೀವು ನಮ್ಮ ಕುಟುಂಬದ ಸದಸ್ಯರು.’

“ಸಾಕಿದ್ದು ನಾನು, ಅವರ ಕುಟುಂಬಕ್ಕೆ ಹೇಗೋ ಸೇರ್ದೆ?” ಎಂದು ದೊಡ್ಡಮ್ಮ ಕೇಳಿದರು.

ಗಾಡಿಯ ಚಿತ್ರವನ್ನು ನನಗೂ ತೋರಿಸಿದ. ಕಪ್ಪು ಬಟ್ಟೆಯ ಮುಸುಕು ಹೊದ್ದು ನಿಂತ ಏನೋ ಒಂದು ಆಕಾರ. ಗಾಡಿಯ ವಿಷಯ ನಾನು ಹೇಳಲಾರೆ, ಆ ಮುಸುಕಿನ ಬಟ್ಟೆ ಮಾತ್ರ ಬಹಳ ಚೆನ್ನಾಗಿತ್ತು. ಹೊಲಿಗೆ ಎಲ್ಲೂ ಕಾಣುತ್ತಿರಲಿಲ್ಲ.

ಆ ಸಂಜೆ ಬೆಂಚಿನ ಸಭೆಗೆ ಲೆನ್ಸಪ್ಪ ಗಾಡಿಯ ಮರ್ಮ ವಿವರಿಸಿದ. ಅದರಲ್ಲಿ ಬ್ಯಾಟರಿಯೂ ಇದೆ, ಪೆಟ್ರೋಲ್ ಎಂಜಿನ್ನೂ ಇದೆ.

“ಹಾಗಾದ್ರೆ ಎಂಜಿನ್ ಗಾಡಿ ಓಡಿಸುತ್ತೆ” ಎಂದರು ಬೇಕರಿಯವರು.

“ಇಲ್ಲ. ಎಂಜಿನ್ ಗಾಡಿನ ಮುಟ್ಟೋದೇ ಇಲ್ಲ. ಅದು ಬ್ಯಾಟರಿಗೆ ಕರೆಂಟ್ ಕೊಡುತ್ತೆ, ಅಷ್ಟೇ. ಗಾಡಿ ಓಡಿಸೋದು ಬ್ಯಾಟರಿ. ಚಾರ್ಜ್ ಮುಗೀತು ಅಂತ ದಾರೀಲಿ ನಿಲ್ಲೋ ಭಯ ಇಲ್ಲ, ಓಡೋ ದೂರ ಜಾಸ್ತಿ. ಅದಕ್ಕೇ ರೇಂಜ್ ಎಕ್ಸ್‌ಟೆಂಡೆಡ್.”

ದೊಡ್ಡಮ್ಮ ಸ್ವಲ್ಪ ಯೋಚಿಸಿದರು. “ಅಂದ್ರೆ ಅಡುಗೆ ಮಾಡೋರು ಒಬ್ರು, ಬಡಿಸಿ ಹೆಸರು ತಗೊಳ್ಳೋರು ಇನ್ನೊಬ್ರು.”

“ಒಂಥರಾ ಹಾಗೇ.”

“ಸರಿ ಬಿಡು. ನಮ್ಮನೇಲಿ ಅದು ಆಗ್ಲೇ ಬಂದಿದೆ” ಎಂದು ಸೊಸೆಯ ಕಡೆ ನೋಡಿದರು. ಸೊಸೆ ನಗುತ್ತಾ ಒಳಗೆ ಹೋದರು.

ಅಂದಿನಿಂದ ಆ ಮನೆಯಲ್ಲಿ ಒಂದು ಹೊಸ ಶಕೆ ಆರಂಭವಾಯಿತು. ಅದರ ಹೆಸರು ‘ಗಾಡಿ ಬಂದ ಮೇಲೆ’. ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದರೆ, ಗಾಡಿ ಬಂದ ಮೇಲೆ. ಹಳೇ ಕಾರಿನ ವೈಪರ್ ಮುರಿದಿದೆ ಎಂದರೆ, ಗಾಡಿ ಬಂದ ಮೇಲೆ ಅದು ಯಾಕೆ? ದೂರದ ಚಿಕ್ಕಪ್ಪನೊಬ್ಬರು ಫೋನ್ ಮಾಡಿ, ಮನೆ ಬದಲಾಯಿಸುವಾಗ ಬೀರು ಸಾಗಿಸಬೇಕು, ನಿನ್ನ ಗಾಡಿಯಲ್ಲಿ ಹಿಡಿಯುತ್ತಾ ಎಂದು ಕೇಳಿದರು. ಲೆನ್ಸಪ್ಪ ಎರಡು ಬೀರು ಹಿಡಿಯುತ್ತೆ ಎಂದ. ಪಾಪ, ಆ ಚಿಕ್ಕಪ್ಪ ಹೊಸ ಮನೆಗೆ ಹೋಗುವುದನ್ನೇ ಮುಂದಕ್ಕೆ ಹಾಕಿದರು.

ಮುಂದಿನ ಹೆಜ್ಜೆ ವಿದ್ಯುತ್ ಕಚೇರಿ. ಧೈರ್ಯಕ್ಕೆಂದು ನನ್ನನ್ನೂ ಕರೆದುಕೊಂಡು ಹೋದ. ಕೌಂಟರಿನ ಅಧಿಕಾರಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದರು. ಲೆನ್ಸಪ್ಪನ ಕೈ ಅದನ್ನು ಮೇಲೇರಿಸಲು ತಾನಾಗಿಯೇ ಮುಂದೆ ಹೋಯಿತು. ನಾನು ಹಿಡಿದು ಎಳೆದೆ.

“ಗಾಡಿ ಚಾರ್ಜ್ ಮಾಡೋಕೆ ಮನೆಗೆ ಬೇರೆ ಲೈನ್ ಬೇಕು ಸಾರ್.”

“ಗಾಡಿ ನಂಬರ್ ಹೇಳಿ.”

“ನಂಬರ್ ಇನ್ನೂ ಬಂದಿಲ್ಲ.”

“ಗಾಡಿ ಬಂದಿದೆಯಾ?”

“ಬರುತ್ತೆ.”

“ಯಾವಾಗ?”

“ತಯಾರಿ ಶುರುವಾದ ಮೇಲೆ.”

“ಅದು ಯಾವಾಗ ಶುರು?”

“ಕಾರ್ಖಾನೆ ಕಟ್ಟಿ ಮುಗಿದ ಮೇಲೆ.”

ಅಧಿಕಾರಿ ಪೆನ್ನು ಕೆಳಗಿಟ್ಟರು. “ಹಾಗಾದ್ರೆ ನೀವೂ ಇನ್ನೂ ಬಂದಿಲ್ಲ ಅಂತ ತಿಳ್ಕೋತೀನಿ. ಹೋಗಿ, ಗಾಡಿ ಜೊತೇಲೇ ಬನ್ನಿ.”

ನಾವು ಮುಖ ಚಿಕ್ಕದು ಮಾಡಿಕೊಂಡು ತಿರುಗಿದೆವು. ಅಷ್ಟರಲ್ಲಿ ಹಿಂದಿನಿಂದ ಮೆಲ್ಲಗೆ, “ಅಂದ ಹಾಗೆ, ಯಾವ ಗಾಡಿ?” ಎಂಬ ದನಿ. ಲೆನ್ಸಪ್ಪ ಹೆಸರು ಹೇಳಿದ. ಅಧಿಕಾರಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಮುಂದಕ್ಕೆ ಬಗ್ಗಿದರು.

“ಆ ಮುಸುಕು ಹಾಕಿರೋದು ತಾನೇ? ನಾನೂ ಒತ್ತಿದ್ದೀನಿ ಕಣ್ರೀ!”

“ನೀವೂ ಕುಟುಂಬದವರಾ ಸಾರ್?”

“ಕುಟುಂಬದವನೇ! ಬಣ್ಣ ಯಾವುದು ಅಂದ್ಕೊಂಡಿದ್ದೀರಿ?”

ನಮ್ಮ ಹಿಂದೆ ಸಾಲು ಬೆಳೆಯುತ್ತಾ ಹೋಯಿತು. ಕರೆಂಟ್ ಹೋಗಿದೆ ಎಂದು ದೂರು ಹೇಳಲು ಬಂದವರೊಬ್ಬರು ಗೋಡೆಗೊರಗಿ ಕಣ್ಣು ಮುಚ್ಚಿದರು. ಇವರಿಬ್ಬರೂ ಬೂದು ಬಣ್ಣವೋ ನೀಲಿಯೋ ಎಂದು ನಿರ್ಧರಿಸಲಾಗದೆ ಕೈ ಕುಲುಕಿ ಬೇರ್ಪಟ್ಟರು. ಲೈನ್ ಮಾತ್ರ ಸಿಗಲಿಲ್ಲ. “ಕುಟುಂಬ ಬೇರೆ, ರೂಲ್ಸ್ ಬೇರೆ” ಎಂದರು ಅಧಿಕಾರಿ.

ಇಷ್ಟಕ್ಕೇ ನಿಂತಿದ್ದರೆ ಇದು ನಕ್ಕು ಮರೆಯುವ ವಿಷಯವಾಗಿತ್ತು. ಆದರೆ ಆ ವಾರ ಕಂಪನಿಯಿಂದ ಗಾಡಿಯ ಉದ್ದ, ಎತ್ತರ, ಅಗಲ ಬಂದವು. ಲೆನ್ಸಪ್ಪ ಅಂಗಡಿಗೂ ಹೋಗದೆ ನನ್ನ ಬಾಗಿಲಿಗೆ ಬಂದ.

“ಟೈಲರೇ, ಟೇಪ್ ಕೊಡು.”

ನಾವಿಬ್ಬರೂ ಗೇಟಿನ ಬಾಯಿ ಅಳೆದೆವು. ಮೇಲೆ ಅಳೆದೆವು, ಕೆಳಗೆ ಅಳೆದೆವು, ಟೇಪನ್ನು ತಿರುಗಿಸಿ ಹಿಡಿದೂ ಅಳೆದೆವು. ಹೇಗೆ ಅಳೆದರೂ ನಾಲ್ಕು ಬೆರಳು ಸಾಲದು.

“ಗಾಡಿನ ಪಕ್ಕದಲ್ಲಿ ಸ್ವಲ್ಪ ಹಿಡಿಸೋಕೆ ಹೇಳು” ಎಂದೆ.

“ಇದು ಪ್ಯಾಂಟಲ್ಲ ಟೈಲರೇ” ಎಂದ ಲೆನ್ಸಪ್ಪ. ಅವನ ಮುಖದಲ್ಲಿ ನಗುವಿರಲಿಲ್ಲ.

ಒಂದು ಕಡೆ ಮನೆಯ ಮೆಟ್ಟಿಲು, ಅದನ್ನು ಮುಟ್ಟುವಂತಿಲ್ಲ. ಇನ್ನೊಂದು ಕಡೆ ಕಂಬ. ಕಂಬವನ್ನು ನಾಲ್ಕು ಬೆರಳು ಸರಿಸಬೇಕೆಂದರೆ ಅದಕ್ಕೆ ಒತ್ತಿಕೊಂಡಿದ್ದ ಕಲ್ಲುಬೆಂಚು ಏಳಬೇಕು. ಲೆನ್ಸಪ್ಪ ಬೆಂಚನ್ನೂ ನೋಡಿದ, ಫೋನಿನಲ್ಲಿದ್ದ ಮುಸುಕನ್ನೂ ನೋಡಿದ. ಇದಾ, ಇದಾ?

“ಗಾಡಿ ಇನ್ನೂ ತಯಾರೇ ಆಗಿಲ್ಲ, ಗೇಟ್ ಒಡೀತೀರಾ?” ಎಂದು ಹೆಂಡತಿ ಕೇಳಿದರು. ಈ ಸಲ ಆಕೆ ‘ಎರಡೂ ಒಂದೇ’ ಎನ್ನಲಿಲ್ಲ.

“ಗಾಡಿ ಬಂದು ಬೀದೀಲಿ ನಿಂತ ಮೇಲೆ ಒಡೆಯೋಕಾಗುತ್ತಾ? ಆಗ ನಿಮ್ಮ ಭಾವ ನೋಡ್ತಾ ನಿಂತಿರ್ತಾರೆ.”

“ದೊಡ್ಡಮ್ಮ ಎಲ್ಲಿ ಕೂತ್ಕೋಬೇಕು?”

“ಗಾಡೀಲಿ! ದಿನಾ ಸಂಜೆ ಊರೆಲ್ಲಾ ಸುತ್ತಾಡಿಸ್ತೀನಿ. ಈ ಕಲ್ಲಿನ ಮೇಲೆ ಯಾಕೆ ಕೂತ್ಕೋಬೇಕು ಅವಳು?”

ದೊಡ್ಡಮ್ಮ ಬೆಂಚಿನ ಮೇಲೇ ಇದ್ದರು. ಎಲ್ಲ ಕೇಳಿಸಿಕೊಂಡು ಒಂದೇ ಒಂದು ಮಾತು ಕೇಳಿದರು.

“ಬರುತ್ತಾ?”

“ಬರುತ್ತೆ ದೊಡ್ಡಮ್ಮ.”

“ಸರಿ ಹಾಗಾದ್ರೆ” ಎಂದು ತಮ್ಮ ದಿಂಬನ್ನು ತಾವೇ ಎತ್ತಿಕೊಂಡು, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಗಾರೆಯವನು ಬಂದ, ಕಂಬ ಒಡೆದ, ನಾಲ್ಕು ಬೆರಳು ಆಚೆ ಹೊಸ ಕಂಬ ಕಟ್ಟಿದ. ಕಲ್ಲನ್ನು ನಾವು ನಾಲ್ಕೈದು ಜನ ಏದುಸಿರು ಬಿಡುತ್ತಾ ಹೊತ್ತು ಹಿತ್ತಲ ಗೋಡೆಗೆ ಒರಗಿಸಿದೆವು. ಬರುವುದಕ್ಕೆ ಜಾಗ ಮಾಡುವಾಗ ಇರುವುದನ್ನು ಎಬ್ಬಿಸುವುದು ಎಷ್ಟು ಸುಲಭ ಎಂದು ನನಗೆ ಆಗಲೇ ಅನ್ನಿಸಿತು. ಕಲ್ಲು ಭಾರವಿತ್ತು, ಅಷ್ಟೇ ಕಷ್ಟ.

ದೊಡ್ಡಮ್ಮನಿಗೆ ಅಂಗಳದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಅಲ್ಲಿಂದ ಗೋಡೆ ಕಾಣುತ್ತದೆ, ಗೇಟಿನ ತಗಡಿನ ಕೆಳಗೆ ರಸ್ತೆಯಲ್ಲಿ ಹೋಗುವವರ ಪಾದಗಳು ಕಾಣುತ್ತವೆ. ಬೇಕಾದರೆ ಜನ ಒಳಗೆ ಬರಲಿ ಎಂದ ಲೆನ್ಸಪ್ಪ. ಯಾರೂ ಬರಲಿಲ್ಲ. ಅವರ ತಪ್ಪೂ ಅಲ್ಲ. ಬೆಂಚಿನ ಮೇಲೆ ಕೂರುವುದಕ್ಕೆ ಕಾರಣ ಬೇಡ. ಗೇಟ್ ತೆಗೆದು ಒಬ್ಬರ ಮನೆಯೊಳಗೆ ಕಾಲಿಡಬೇಕಾದರೆ ಏನಾದರೂ ಕಾರಣ ಬೇಕಾಗುತ್ತದೆ, ಹೋದ ಮೇಲೆ ಟೀ ಕುಡಿಯಬೇಕಾಗುತ್ತದೆ. ಮೊದಮೊದಲು ದೊಡ್ಡಮ್ಮ ಚಪ್ಪಲಿ ನೋಡಿಯೇ ಗುರುತು ಹಿಡಿದು, “ಏನು ಮೇಷ್ಟ್ರೇ, ಹಿಮ್ಮಡಿ ಒಡೆದಿದೆಯಲ್ಲ?” ಎಂದು ಕೂಗುತ್ತಿದ್ದರು. ಪಾದಗಳು ನಿಂತು, ಒಂದು ಮಾತಾಡಿ, ಮುಂದೆ ಹೋಗುತ್ತಿದ್ದವು. ಆಮೇಲಾಮೇಲೆ ಕೂಗುವುದನ್ನೂ ಬಿಟ್ಟರು. ನನ್ನ ಅಂಗಡಿ ಸ್ವಲ್ಪ ಎತ್ತರದಲ್ಲಿರುವುದರಿಂದ ನನಗೆ ಎಲ್ಲ ಕಾಣುತ್ತಿತ್ತು. ಹೊಲಿಗೆ ಯಂತ್ರ ತುಳಿಯುತ್ತಾ ತಲೆ ಎತ್ತಿದಾಗಲೆಲ್ಲ ಆ ಕುರ್ಚಿ, ಅದರಲ್ಲಿ ಸುಮ್ಮನೆ ಕೂತ ದೊಡ್ಡಮ್ಮ. ನನಗೆ ಬೇಜಾರಾಯಿತು. ನನ್ನ ಗಿರಾಕಿಗಳು ಈಗ ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಾರೆಂದು ಒಂದು ಬೇಜಾರು, ಅದು ಸಣ್ಣದು. ಇನ್ನೊಂದು ದೊಡ್ಡದು, ಅದನ್ನು ಲೆನ್ಸಪ್ಪನಿಗೆ ಹೇಳಲೂ ಆಗುತ್ತಿರಲಿಲ್ಲ, ಏಕೆಂದರೆ ಅವನು ಬಂದಾಗಲೆಲ್ಲ ಗಾಡಿಯ ಸೀಟಿನ ಬಟ್ಟೆಯ ವಿಷಯ ಎತ್ತುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಲೆನ್ಸಪ್ಪನ ಹೆಂಡತಿ ಊಟಕ್ಕೆಂದು ಮನೆಗೆ ಬಂದವರು ಓಡಿಕೊಂಡು ನನ್ನ ಅಂಗಡಿಗೆ ಬಂದರು.

“ದೊಡ್ಡಮ್ಮ ಇಲ್ಲ!”

ನಾನೂ ಆಗತಾನೇ ಊಟ ಮುಗಿಸಿ ಬಂದಿದ್ದೆ. ಕುರ್ಚಿ ಖಾಲಿ. ಗೇಟ್ ತೆರೆದಿದೆ. ನಾಲ್ಕು ಹೆಜ್ಜೆಗೆ ಮೂರು ಸಲ ನಿಲ್ಲುವ ಹೆಂಗಸು ಎಲ್ಲಿಗೆ ಹೋದಾರು? ಲೆನ್ಸಪ್ಪ ಅಂಗಡಿಯಿಂದ ಓಡಿ ಬಂದ. ಆ ಗಾಬರಿಯಲ್ಲಿ ಯಾರದೋ ಪರೀಕ್ಷೆಯ ಚೌಕಟ್ಟನ್ನು ತಾನೇ ಹಾಕಿಕೊಂಡು ಬಂದಿದ್ದ. ಬೀದಿಗೆ ಬೀದಿಯೇ ಹೊರಗೆ ಬಂತು. ಮೇಷ್ಟ್ರು ನೀರಿನ ತೊಟ್ಟಿಯಲ್ಲಿ ಇಣುಕಿ ನೋಡಿ ಎಲ್ಲರ ಬೈಗುಳ ತಿಂದರು. “ಆ ಕಲ್ಲು ಕಿತ್ತ ದಿನಾನೇ ನಾನು ಹೇಳಬೇಕಿತ್ತು” ಎಂದು ಇಷ್ಟು ದಿನ ಏನೂ ಹೇಳದಿದ್ದವರೆಲ್ಲ ಹೇಳತೊಡಗಿದರು. ಲೆನ್ಸಪ್ಪ ಹೊಸ ಕಂಬ ಹಿಡಿದುಕೊಂಡು ನಿಂತುಬಿಟ್ಟ. ಅವನ ಮುಖ ನೋಡಲು ಆಗುತ್ತಿರಲಿಲ್ಲ.

ಆಗ ಅವನ ಫೋನ್ ಹೊಡೆದುಕೊಂಡಿತು. ಷಡ್ಡಕರು.

“ಏನಯ್ಯಾ, ನಿಮ್ಮ ದೊಡ್ಡಮ್ಮ ಇಲ್ಲಿ ಶೋರೂಮಲ್ಲಿ ಕೂತಿದ್ದಾರೆ! ನಾನು ಸರ್ವೀಸಿಗೆ ಅಂತ ಬಂದ್ರೆ ಎಲ್ಲರ ಮುಂದೆ ‘ಬಾರೋ ದಪ್ಪಾ’ ಅಂತ ಕರೀತಾರೆ! ಬೇಗ ಬಾ, ನನ್ನ ಮರ್ಯಾದೆ ಹೋಗ್ತಾ ಇದೆ!”

ಲೆನ್ಸಪ್ಪ, ಅವನ ಹೆಂಡತಿ, ನಾನು ಮೂವರೂ ಹಳೇ ಕಾರಿಗೆ ನುಗ್ಗಿದೆವು. ಯಾವತ್ತೂ ತಳ್ಳಿಸಿಕೊಳ್ಳದೆ ಹೊರಡದ ಕಾರು ಅಂದು ಒಂದೇ ಸಲಕ್ಕೆ ಎದ್ದಿತು.

ಶೋರೂಮಿನ ಗಾಜಿನ ಬಾಗಿಲಿಂದಲೇ ನೋಟ ಕಾಣಿಸಿತು. ಬಾಗಿಲ ಪಕ್ಕದ ಸೋಫಾದ ಮೇಲೆ ದೊಡ್ಡಮ್ಮ, ಬೆನ್ನಿಗೆ ತಮ್ಮದೇ ದಿಂಬು. ಸುತ್ತ ಲೆಕ್ಕಪತ್ರ ನೋಡುವ ಹೆಂಗಸು, ಎಣ್ಣೆ ಕೈಯ ಮೆಕ್ಯಾನಿಕ್, ಮಾರಾಟದ ಹುಡುಗಿ, ಟೈ ಕಟ್ಟಿದ ಮ್ಯಾ‌ನೇಜರ್, ಸುಮ್ಮನೆ ಟೈರ್ ಕೇಳಲು ಬಂದಿದ್ದ ಯಾರೋ ಒಬ್ಬರು. ಎಲ್ಲರ ಕೈಯಲ್ಲೂ ಟೀ. ಮೆಕ್ಯಾನಿಕ್ ತನ್ನ ಅತ್ತೆಯ ಕಷ್ಟ ಹೇಳಿಕೊಳ್ಳುತ್ತಿದ್ದ. ದೂರದಲ್ಲಿ ಒಂದು ಕಂಬದ ಹಿಂದೆ ಷಡ್ಡಕರು ಇಂಗು ತಿಂದ ಮಂಗನಂತೆ ನಿಂತಿದ್ದರು. ಬೇಕರಿಯ ವ್ಯಾನಿನಲ್ಲಿ ಕೂತು ದೊಡ್ಡಮ್ಮ ಬಂದರೆಂದೂ, ವ್ಯಾನಿನವನಿಗೆ “ಮನೇಲಿ ಹೇಳಿದ್ದೀನಿ” ಎಂದು ಸುಳ್ಳು ಹೇಳಿದರೆಂದೂ ಆಮೇಲೆ ಗೊತ್ತಾಯಿತು.

“ದೊಡ್ಡಮ್ಮ! ಇಲ್ಲಿಗೆ ಯಾಕೆ ಬಂದೆ? ನಮ್ಮ ಜೀವ ಬಾಯಿಗೆ ಬಂದಿತ್ತು!”

“ಬರುತ್ತೆ ಬರುತ್ತೆ ಅಂತಿದ್ಯಲ್ಲ. ಎಷ್ಟು ದೂರ ಬಂದಿದೆ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ.”

ಮ್ಯಾನೇಜರ್ ಕೆಮ್ಮಿದರು. “ಅಮ್ಮನಿಗೆ ಆಗ್ಲೇ ಹೇಳ್ದೆ ಸಾರ್. ಗಾಡಿ ತಯಾರಿ ಇನ್ನೂ ಶುರು ಆಗಿಲ್ಲ. ಮುಂದಿನ ವರ್ಷ ಅಂತಿದ್ದಾರೆ. ಅದೂ ಮೊದಲು ಬೇರೆ ಕಡೆ ಬಿಡ್ತಾರೆ. ಇಲ್ಲಿಗೆ ಯಾವಾಗ ಅಂತ ನಮಗೂ ಹೇಳಿಲ್ಲ.”

ಲೆನ್ಸಪ್ಪ ತಲೆ ತಗ್ಗಿಸಿದ. ದೊಡ್ಡಮ್ಮ ಅದನ್ನು ಕೇಳಿಸಿಕೊಳ್ಳದವರ ಹಾಗೆ ಮಾರಾಟದ ಹುಡುಗಿಯ ಕಡೆ ತಿರುಗಿದರು.

“ಮಗು, ಇವನು ಆ ಗಾಡಿದು ಅಗಲ ಅಂತ ಒಂದು ಲೆಕ್ಕ ಹಿಡ್ಕೊಂಡು ಬಂದ. ಅದು ಕಿವಿ ಸೇರಿಸಿನೋ, ಬಿಟ್ಟೋ?”

“ಕಿವಿನಾ ಅಜ್ಜಿ?”

ದೊಡ್ಡಮ್ಮ ಎದುರಿಗಿದ್ದ ಕಾರಿನ ಪಕ್ಕದ ಕನ್ನಡಿಯತ್ತ ಬೆರಳು ತೋರಿಸಿದರು.

“ಓ, ಕನ್ನಡಿ! ಸೇರಿಸೇ ಅಜ್ಜಿ. ಪೂರ್ತಿ ಬಿಚ್ಚಿಟ್ಟಾಗಿನ ಅಗಲ ಅದು.”

“ಅದು ಮಡಚುತ್ತಾ?”

ಹುಡುಗಿ ಕೈಯಲ್ಲಿದ್ದ ಕೀ ಒತ್ತಿದಳು. ಕುಂಯ್ ಎಂದು ಸದ್ದು ಮಾಡುತ್ತಾ ಕಾರಿನ ಎರಡೂ ಕಿವಿಗಳು ಮೈಗೆ ಅಂಟಿಕೊಂಡವು. ಒಂದೊಂದು ಕಡೆ ಒಂದೊಂದು ಅಂಗೈ ಅಗಲ ಮಾಯ.

“ಬರೋ ಗಾಡಿದೂ ಮಡಚುತ್ತಾ?”

“ಈಗಿನವೆಲ್ಲಾ ಮಡಚುತ್ತೆ ಅಜ್ಜಿ.”

ಲೆನ್ಸಪ್ಪ ತನ್ನ ಅಂಗೈ ನೋಡಿಕೊಂಡ. ಆಮೇಲೆ ನಾಲ್ಕು ಬೆರಳು ಎತ್ತಿ ನೋಡಿದ. ದಿನವೂ ಗಿರಾಕಿಗಳ ಮುಂದೆ ಕನ್ನಡಿ ಹಿಡಿಯುವವನು ಅವನು. ಬಟ್ಟೆಯನ್ನು ಒಳಗೆ ಮಡಚಿ ಹೊಲಿಯುವುದೇ ಕಸುಬಾದವನು ನಾನು. ಇಬ್ಬರಿಗೂ ಹೊಳೆಯಲಿಲ್ಲ. ನಾನು ಟೇಪ್ ಇದ್ದ ಜೇಬನ್ನು ಕೈಯಿಂದ ಮುಚ್ಚಿಕೊಂಡೆ.

“ನಿನಗೆ ಹೇಗೆ ಗೊತ್ತಾಯ್ತು ದೊಡ್ಡಮ್ಮ?”

“ಇಷ್ಟು ವರ್ಷ ಆ ಬೆಂಚಿನ ಮೇಲೆ ಕೂತಿದ್ದೆನಲ್ಲೋ. ಅಲ್ಲಿ ರಸ್ತೆ ಸಾಲದೆ, ಹೋಗೋ ಕಾರೆಲ್ಲಾ ನನ್ನ ಮುಂದೇನೇ ಕಿವಿ ಮಡಚಿಕೊಂಡು ಹೋಗ್ತಿತ್ತು.”

“ಹಾಗಾದ್ರೆ ಅವತ್ತೇ ಹೇಳಬಾರದಿತ್ತಾ?”

“ಗಾಡಿದು ಅಳತೆ ತಗೊಂಡೆ, ಗೇಟಿನದು ಅಳತೆ ತಗೊಂಡೆ” ಎಂದರು ದೊಡ್ಡಮ್ಮ, ಸಿಟ್ಟಿಲ್ಲದೆ. “ನನ್ನನ್ನ ಮಾತ್ರ ಕೇಳ್ಲಿಲ್ಲ.”

ಲೆನ್ಸಪ್ಪನ ಕಣ್ಣುಗಳು ತುಂಬಿ ಬಂದವು. ಆ ದಪ್ಪ ಚೌಕಟ್ಟು ಇನ್ನೂ ಮೂಗಿನ ಮೇಲೇ ಇದ್ದುದರಿಂದ ಒರೆಸಿಕೊಳ್ಳುವುದೂ ಕಷ್ಟವಾಯಿತು. ಅವನ ಹೆಂಡತಿ ಅದನ್ನು ಮೆಲ್ಲಗೆ ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು.

ಷಡ್ಡಕರಿಗೆ ಈಗ ಜೀವ ಬಂತು. ಕಂಬದ ಮರೆಯಿಂದ ಹೊರಬಂದು, “ಏನಪ್ಪಾ, ಎಕ್ಸ್‌ಟೆಂಡ್ ಆಯ್ತಾ ರೇಂಜು?” ಎಂದರು.

ಉತ್ತರ ಕೊಟ್ಟದ್ದು ದೊಡ್ಡಮ್ಮ. “ನನ್ನದಾಯ್ತು ಕಣಪ್ಪಾ ದಪ್ಪಾ. ಗೇಟಿನವರೆಗೆ ಇತ್ತು, ಇವತ್ತು ನೋಡು, ಇಲ್ಲೀವರೆಗೂ ಬಂದೆ.”

ಮೆಕ್ಯಾನಿಕ್ ಟೀ ಉಗುಳಿ ನಕ್ಕ. ಷಡ್ಡಕರು ಮತ್ತೆ ಕಂಬದ ಹಿಂದೆ ಹೋದರು.

ನಾವು ಹೊರಡುವಾಗ ಶೋರೂಮಿನವರೆಲ್ಲ ಬಾಗಿಲವರೆಗೆ ಬಂದರು. ಮನೆ ಮುಟ್ಟಿ, ಆ ಪುಟ್ಟ ಕಾರು ಅಗಲಿಸಿದ ಗೇಟಿನೊಳಗೆ ಹೋಗುವಾಗ, ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಕಾಣಿಸಿತು. ಕುರ್ಚಿ ಅಂಗಳದಲ್ಲೇ ಇತ್ತು. ದೊಡ್ಡಮ್ಮ ಅದನ್ನು ನೋಡಿದರು, ಅದರಲ್ಲಿ ಕೂರದೆ ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಕನ್ನಡಕದ ಅಂಗಡಿ ತೆರೆಯಲಿಲ್ಲ. ಲೆನ್ಸಪ್ಪ ಗಾರೆಯವನನ್ನು ಕರೆಸಿದ. ಕಲ್ಲನ್ನು ಹಿತ್ತಲಿಂದ ಹೊತ್ತು ತಂದೆವು. ಈ ಸಲ ಹೊರಲು ಜನ ಹೆಚ್ಚಿದ್ದರು. ಮೇಷ್ಟ್ರೂ ಒಂದು ಮೂಲೆಗೆ ಕೈ ತಾಗಿಸಿ ಎಲ್ಲರಿಗಿಂತ ಜಾಸ್ತಿ ಮುಲುಕಿದರು. ಹಳೆಯ ಜಾಗದಲ್ಲಿ ಇಟ್ಟು ನೋಡಿದರೆ ಹಿಡಿಯುತ್ತಿಲ್ಲ. ಹೊಸ ಕಂಬ ಬೆಂಚಿನ ಜಾಗಕ್ಕೆ ಸರಿದಿದೆಯಲ್ಲ, ಈಗ ಕಲ್ಲೇ ನಾಲ್ಕು ಬೆರಳು ಉದ್ದ.

ಎಲ್ಲರೂ ನನ್ನ ಮುಖ ನೋಡಿದರು. ನಾನು ಟೇಪ್ ತೆಗೆದೆ. ಲೆನ್ಸಪ್ಪ ಕೈ ಅಡ್ಡ ಹಿಡಿದ. ಚಪ್ಪಲಿ ಬಿಟ್ಟು ಒಳಗೆ ಹೋದ. ಒಳಗಿನಿಂದ ಅವನ ದನಿ ಕೇಳಿಸಿತು.

“ದೊಡ್ಡಮ್ಮ, ಕಲ್ಲು ಹೇಗೆ ಹಾಕ್ಲಿ? ನೀನೇ ಬಂದು ಹೇಳು.”

ಅವನ ತೋಳು ಹಿಡಿದುಕೊಂಡು ದೊಡ್ಡಮ್ಮ ಬಂದರು. ನಿಂತು ನೋಡಿದರು. ರಸ್ತೆಯ ಈ ತುದಿ ನೋಡಿದರು, ಆ ತುದಿ ನೋಡಿದರು.

“ಓರೆಯಾಗಿ ಹಾಕೋ. ಬೇಕರಿವರೆಗೂ ಕಾಣುತ್ತೆ.”

ಓರೆಯಾಗಿಯೇ ಹಾಕಿದೆವು. ಅಳತೆಯ ಮನುಷ್ಯನಾದ ನನಗೆ ಈಗಲೂ ಅದನ್ನು ನೋಡಿದರೆ ಕೈ ತುರಿಸುತ್ತದೆ. ಆದರೆ ಈಗ ಅಲ್ಲಿ ಮೊದಲಿಗಿಂತ ಒಬ್ಬರು ಹೆಚ್ಚು ಕೂರಬಹುದು, ಅದು ಹೇಗೆಂದು ನನಗೆ ಗೊತ್ತಿಲ್ಲ.

ಆ ಸಂಜೆ ದೊಡ್ಡಮ್ಮ ದಿಂಬು ಹಾಕಿಕೊಂಡು ಕೂತರು. ಪಕ್ಕದಲ್ಲಿ ಲೆನ್ಸಪ್ಪ. ಅವನು ಆ ಬೆಂಚಿನ ಮೇಲೆ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವನ ಫೋನ್ ಒಮ್ಮೆ ಸದ್ದು ಮಾಡಿತು. ‘ನಿಮ್ಮ ತಾಳ್ಮೆಗೆ ಧನ್ಯವಾದಗಳು’ ಎಂದು ಕಂಪನಿಯವರು ಬರೆದಿದ್ದರು. ಅವನು ಓದಿ ಜೇಬಿಗಿಟ್ಟುಕೊಂಡ. ಮೂಲೆಮನೆಯ ಮೇಷ್ಟ್ರು ಬಂದು ಕೂತರು, ಮತ್ತೆ ಏಕವಚನಕ್ಕೆ ಇಳಿದಿದ್ದರು. ನನ್ನ ಗಿರಾಕಿಯೊಬ್ಬರು ಅಂಗಿ ಕೇಳಲು ಬಂದರು. ನಾನು “ಇನ್ನೊಂದು ಗುಂಡಿ” ಎಂದೆ. ಅವರು ನೇರ ಬೆಂಚಿಗೆ ಹೋದರು.

ಕೊನೆಗೆ ಬೇಕರಿಯವರು ಬಂದು, ಎಲ್ಲರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಏನಪ್ಪಾ ಲೆನ್ಸಪ್ಪ, ಗಾಡಿ ಬರುತ್ತಾ?”

ಲೆನ್ಸಪ್ಪ ದೊಡ್ಡಮ್ಮನ ಮುಖ ನೋಡಿದ. ದೊಡ್ಡಮ್ಮ ದಿಂಬನ್ನು ಎಳೆದುಕೊಂಡು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

“ಬರುತ್ತೆ” ಎಂದರು. “ಕೂತ್ಕೋ.”